ಲಿಫ್ಟ್ ಕಿಟ್ ಹಾಕಿದ ಮೇಲೆ ಎಟಿವಿಯಲ್ಲಿ ಕಟಕಟ ಸದ್ದು: ಎಲ್ಲಿಂದ ಹುಡುಕಬೇಕು

ಭೀಮಸಮುದ್ರದ ಹತ್ತಿರ ನಮ್ಮ ಭಾವನ ಅಡಿಕೆ ತೋಟ ಇದೆ. ಗೊನೆ, ಗೊಬ್ಬರ, ಡ್ರಿಪ್ ಪೈಪಿನ ಸುರುಳಿ ಎಲ್ಲ ಹೊರುವುದಕ್ಕೆ ಅಂತ ಒಂದು ಎಟಿವಿ (ಕಚ್ಚಾ ದಾರಿಗೆ ಮಾಡಿದ, ಹ್ಯಾಂಡಲ್ ಇರುವ ನಾಲ್ಕು ಗಾಲಿಯ ಗಾಡಿ) ಇಟ್ಟುಕೊಂಡಿದ್ದಾರೆ. ನಾಲ್ಕು ಗಾಲಿಗೂ ಎಳೆತ ಇರುವ, ಬೆಲ್ಟ್ ಗೇರಿನ ಗಾಡಿ, ಹಿಂದೆ ಮುಂದೆ ಎರಡೂ ಕಡೆ ಎ-ಆರ್ಮ್ ಸಸ್ಪೆನ್ಷನ್, ಅಂದರೆ ಗಾಲಿಯನ್ನು ಚಾಸಿಗೆ ಹಿಡಿದಿಡುವ, ಮೇಲೆ ಕೆಳಗೆ ಆಡುವ ತೋಳು. ಬಸಿಗಾಲುವೆ ದಾಟುವಾಗ ಹೊಟ್ಟೆ ತಾಗುತ್ತದೆ ಅಂತ ಹೋದ ಮಳೆಗಾಲಕ್ಕೆ ಮುಂಚೆ ಗಾಡಿಯನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ತರಿಸಿದರು. ಕೂರಿಸಿದ್ದು ನಾನೇ. ಚಿತ್ರದುರ್ಗದ ನನ್ನ ಗ್ಯಾರೇಜಿನಲ್ಲಲ್ಲ, ತೋಟದ ಮನೆ ಮುಂದೆ, ಸಂಜೆ ಕರೆಂಟ್ ಹೋದ ಮೇಲೆ ಮೊಬೈಲ್ ಟಾರ್ಚ್ ಹಿಡಿಸಿಕೊಂಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮೂರು ವಾರ ಆಗಿರಬೇಕು, ಫೋನ್ ಬಂತು.

"ಎಡಕ್ಕೆ ತಿರುಗಿಸ್ಕೊಂಡು ಬದು ಹತ್ತಿಸಿದ್ರೆ ಕಟ್ ಕಟ್ ಕಟ್ ಅಂತ ಹೊಡಿತೈತೆ ಕಣೋ. ನೆಟ್ಟಗೆ ಹೋದ್ರೆ ಏನೂ ಇಲ್ಲ."

ನನಗೆ ಆ ವಾರ ಕೈ ಬಿಡುವಿರಲಿಲ್ಲ. ಭಾವ ಬೇರೆ ಕಡೆ ತೋರಿಸಿದರು. ಅಲ್ಲಿ ಮುಂದಿನ ಬಲಗಡೆ ಆಕ್ಸಲ್ (ಗಾಲಿಗೆ ಎಳೆತ ಮುಟ್ಟಿಸುವ ಸರಳು) ಬದಲಾಯಿತು, ಸದ್ದು ಹೋಗಲಿಲ್ಲ. ಮುಂದಿನ ಎಡಗಡೆಯದೂ ಬದಲಾಯಿತು, ಆಗಲೂ ಹೋಗಲಿಲ್ಲ. ಅವರನ್ನು ದೂರುವಂತಿಲ್ಲ. ತಿರುಗಿಸಿದಾಗ ಕಟಕಟ ಅಂದರೆ ಮುಂದಿನ ಆಕ್ಸಲ್ಲಿನ ಹೊರಗಿನ, ಅಂದರೆ ಗಾಲಿ ಕಡೆಯ ಸಿವಿ ಜಾಯಿಂಟ್ (ಬಗ್ಗಿದಾಗಲೂ ತಿರುಗುವ ಕೀಲು) ಹೋಗಿದೆ, ಅದೂ ತಿರುವಿನ ಹೊರಮಗ್ಗುಲಿನದು ಅನ್ನುವುದು ಕಾರು ರಿಪೇರಿ ಮಾಡುವ ಎಲ್ಲರಿಗೂ ಬಾಯಿಪಾಠ. ನಾನೇ ಹೋಗಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಎತ್ತರಿಸಿದ ಗಾಡಿಗೆ ಆ ಬಾಯಿಪಾಠ ಸಾಲದು. ಅದರ ದೋಷ ನೆಲದ ಮೇಲೆ ನಿಂತಾಗ ಬಾಯಿ ಬಿಡುವುದಿಲ್ಲ, ಗಾಲಿ ಜೋತುಬಿದ್ದಾಗ ಬಿಡುತ್ತದೆ.

ಕಿಟ್ ಮಾಡುವುದೇನು

ಬ್ರಾಕೆಟ್ ಕಿಟ್ಟಿನಲ್ಲಿ ಸ್ಪ್ರಿಂಗೂ ಇರುವುದಿಲ್ಲ, ಶಾಕ್ ಅಬ್ಸಾರ್ಬರೂ ಇರುವುದಿಲ್ಲ. ಒಂದಷ್ಟು ಕಬ್ಬಿಣದ ಬ್ರಾಕೆಟ್ಟು, ಬೋಲ್ಟು, ನಡುವೆ ಹಾಕುವ ಕೊಳವೆ ತುಂಡು, ಅಷ್ಟೇ. ಶಾಕ್ ಮೊದಲು ಚಾಸಿಗೆ ಕಚ್ಚುತ್ತಿದ್ದ ಜಾಗಕ್ಕೆ ಬ್ರಾಕೆಟ್ ಬರುತ್ತದೆ, ಅದರ ಕೆಳಗಿನ ತೂತಿಗೆ ಶಾಕ್. ಶಾಕ್ ಇಡಿಯಾಗಿ ಕೆಳಗೆ ಸರಿದು ಎ-ಆರ್ಮನ್ನು ಒತ್ತುತ್ತದೆ, ಗಾಡಿ ಮೇಲೇಳುತ್ತದೆ.

ಶಾಕ್ ಕೂತಿರುವುದು ಆರ್ಮಿನ ತುದಿಯಲ್ಲಲ್ಲ, ನಡುವೆ. ಹಾಗಾಗಿ ಇಲ್ಲಿ ಏತದ ಲೆಕ್ಕ: ಶಾಕ್ 30 ಮಿ.ಮೀ. ಸರಿದರೆ ಗಾಲಿ 50 ಮಿ.ಮೀ. ಸರಿಯುತ್ತದೆ. ನಮ್ಮ ಗಾಡಿಯದು ಹೆಚ್ಚುಕಡಿಮೆ ಇದೇ ಅಳತೆ. ಅದಕ್ಕೇ 2 ಇಂಚಿನ ಕಿಟ್ ಅಂದವನು ಕೊಟ್ಟ ಬ್ರಾಕೆಟ್ಟಿನಲ್ಲಿ 2 ಇಂಚು ಅಳತೆ ಸಿಕ್ಕಲಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಈ ಲೆಕ್ಕ ತಪ್ಪನ್ನೂ ಹಾಗೇ ಹಿಗ್ಗಿಸುತ್ತದೆ: ಬ್ರಾಕೆಟ್ಟಿನಲ್ಲಿ 15 ಮಿ.ಮೀ. ವ್ಯತ್ಯಾಸ ಆದರೆ ಗಾಲಿಯ ಹತ್ತಿರ ಅದು 25.

ಆರ್ಮ್ ಇಳಿದರೆ ಅದಕ್ಕೆ ಅಂಟಿಕೊಂಡಿದ್ದೆಲ್ಲ ಇಳಿಯುತ್ತದೆ. ಆಕ್ಸಲ್ ಇಳಿಜಾರಾಗುತ್ತದೆ, ಹ್ಯಾಂಡಲಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್ ಇಳಿಜಾರಾಗುತ್ತದೆ, ಆರ್ಮಿನ ತುದಿಯ ಬಾಲ್ ಜಾಯಿಂಟ್ ಒಂದು ಕಡೆಗೆ ವಾಲುತ್ತದೆ, ಬ್ರೇಕ್ ಹೋಸ್ ಬಿಗಿಯಾಗುತ್ತದೆ. ಗಾಡಿ ನಿಂತಾಗ ಇವೆಲ್ಲ ಸಹಿಸಿಕೊಳ್ಳುವ ಮಟ್ಟಿಗೇ ಇರುತ್ತವೆ. ಗಾಲಿ ಗಾಳಿಯಲ್ಲಿ ಜೋತುಬಿದ್ದಾಗ ಮಾತ್ರ ಮೊದಲಿಗಿಂತ 2 ಇಂಚು ಹೆಚ್ಚು ಕೆಳಗೆ ಹೋಗುತ್ತದೆ. ಎರಡು ಜಾಯಿಂಟುಗಳ ನಡುವೆ 400 ಮಿ.ಮೀ. ಇರುವ ಆಕ್ಸಲ್ಲಿಗೆ 50 ಮಿ.ಮೀ. ಅಂದರೆ ಸುಮಾರು 7 ಡಿಗ್ರಿ ಹೆಚ್ಚಿನ ಓರೆ. ಹೊರಗಿನ ಸಿವಿ ಜಾಯಿಂಟ್ 45 ಡಿಗ್ರಿ ಆಸುಪಾಸಿನ ತನಕ ಬಗ್ಗುವ ಜಾತಿ. ಒಳಗಿನದು, ಅಂದರೆ ಚಾಸಿ ಕಡೆಯದು, ಉದ್ದಕ್ಕೆ ಹಿಂದೆ ಮುಂದೆ ಜಾರುವ ಜಾತಿ, ಅದಕ್ಕೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿಗೇ ಸಾಕಾಗಿಬಿಡುತ್ತದೆ. ಆದ್ದರಿಂದ ಲಿಫ್ಟ್ ಮಾಡಿದ ಗಾಡಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಒಳಗಿನ ಜಾಯಿಂಟನ್ನು.

ಸ್ಪ್ಯಾನರ್ ಹಿಡಿಯುವ ಮುಂಚೆ

ಮೊದಲು ಗಾಳಿ ನೋಡಿ. ನಗಬೇಡಿ. ಎಟಿವಿ ಟೈರಿಗೆ 5ರಿಂದ 7 ಪಿಎಸ್‌ಐ ಸಾಕು, ನಿಮ್ಮ ಗಾಡಿಗೆ ಎಷ್ಟು ಅನ್ನುವುದು ಪುಸ್ತಕದಲ್ಲೋ ಗಾಡಿಗೆ ಅಂಟಿಸಿದ ಚೀಟಿಯಲ್ಲೋ ಇರುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಕಾರಿನ ಅಭ್ಯಾಸಕ್ಕೆ 25, 30 ತುಂಬಿಬಿಡುತ್ತಾನೆ, ಅವನ ಮೀಟರಿನಲ್ಲಿ 7 ಅನ್ನುವುದು ಮುಳ್ಳು ಅಲ್ಲಾಡುವುದಕ್ಕೇ ಸಾಲದು. "ಕಿಟ್ ಹಾಕಿದ ಮೇಲೆ ಗಾಡಿ ಕಲ್ಲು ಕಲ್ಲಿಗೂ ಚೆಂಡಿನ ಥರ ಪುಟೀತೈತೆ" ಅಂತ ಹಿರಿಯೂರಿನಿಂದ ಒಬ್ಬರು ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರು. ಗಾಳಿ ಬಿಟ್ಟು ಕಳಿಸಿದೆ, ಟೆಂಪೋ ಬಾಡಿಗೆ ದಂಡ. ಕಡಿಮೆ ಒತ್ತಡ ಅಳೆಯುವ ಮೀಟರ್ ಬೇರೆಯೇ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಎಡಬಲ ಟೈರಿಗೆ ಒಂದೆರಡು ಪಿಎಸ್‌ಐ ಹೆಚ್ಚುಕಡಿಮೆ ಇದ್ದರೂ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ.

ಆಮೇಲೆ ತೊಳೆಯಿರಿ. ಜಗಳೂರು, ದಾವಣಗೆರೆ ಕಡೆಯ ಎರೆ ಮಣ್ಣಿನಲ್ಲಿ ಓಡುವ ಗಾಡಿಯಾದರೆ ಇದು ಅರ್ಧ ರಿಪೇರಿ. ಆ ಮಣ್ಣು ರಿಮ್ಮಿನ ಒಳಗೆ ಮೆತ್ತಿಕೊಂಡು ಒಣಗಿದರೆ ಇಟ್ಟಿಗೆಯೇ. ಅದರ ತೂಕಕ್ಕೆ ಗಾಲಿ ನಡುಗುತ್ತದೆ, ಮೂಲೆ ತಾಗಿ ಸಿವಿ ಬೂಟ್ (ಜಾಯಿಂಟಿನ ಮೇಲಿನ ರಬ್ಬರ್ ಮುಸುಕು) ಹರಿಯುತ್ತದೆ. ನಮ್ಮ ಕಡೆ ಕೆಂಪು ಮಣ್ಣು ಉದುರಿ ಹೋಗುತ್ತದೆ, ಆದರೆ ತೋಟದಲ್ಲಿ ಬೇರೆ ಕಾಟ: ಅಡಿಕೆ ಸೋಗೆಯ ನಾರು, ಹಳೇ ಡ್ರಿಪ್ ಪೈಪಿನ ತುಂಡು. ಇವು ಆಕ್ಸಲ್ಲಿಗೆ ಸುತ್ತಿಕೊಂಡು ಡಿಫರೆನ್ಷಿಯಲ್ಲಿನ ಆಯಿಲ್ ಸೀಲಿನ ತನಕ ಹೋಗಿ ಕೂರುತ್ತವೆ. ಪೈಪಿನ ತುಂಡು ಆರ್ಮಿಗೆ ಬಡಿಯುವ ಸದ್ದೂ ಕಟಕಟವೇ.

ತೊಳೆದಾದ ಮೇಲೆ ಬೂಟುಗಳನ್ನು ನೋಡಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದ ಗೆರೆ ಇದ್ದರೆ ಅಲ್ಲಿಯ ಬೂಟ್ ಹರಿದಿದೆ. ಒಳಗಿನ ಗ್ರೀಸನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ. ಬೆಣ್ಣೆಯ ಹಾಗೆ ನುಣ್ಣಗಿದ್ದರೆ ಪೂರ್ತಿ ತೊಳೆದು, ಹೊಸ ಮಾಲಿ (ಮಾಲಿಬ್ಡಿನಂ ಬೆರೆತ) ಗ್ರೀಸ್ ತುಂಬಿ, ಬೂಟ್ ಒಂದನ್ನೇ ಬದಲಿಸಿದರಾಯಿತು. ಚಿರೋಟಿ ರವೆಯ ಹಾಗೆ ಸಿಕ್ಕಿದರೆ ಮಣ್ಣು ಒಳಗೆ ಹೋಗಿ ಅರೆದಿದೆ ಅಂತ ಅರ್ಥ, ಆ ಜಾಯಿಂಟಿಗೆ ಬೂಟ್ ಹಾಕುವುದು ದುಡ್ಡು ದಂಡ. ಟ್ರ್ಯಾಕ್ಟರಿಗೆ ಹೊಡೆಯುವ ಮಾಮೂಲಿ ಗ್ರೀಸ್ ಸಿವಿಗೆ ಬೇಡ.

ಭಾವನ ಗಾಡಿಯಲ್ಲಿ ಎಂಟು ಬೂಟೂ ಸರಿ ಇದ್ದವು.

ಜೋತುಬಿಟ್ಟು ನೋಡುವುದು

ಈ ಪರೀಕ್ಷೆಗೆ ಜಾಕಿಯನ್ನು ಚಾಸಿ ಅಡಿಗೆ ಕೊಡಬೇಕು, ಆರ್ಮಿನ ಅಡಿಗಲ್ಲ. ಆರ್ಮಿಗೆ ಕೊಟ್ಟರೆ ಸಸ್ಪೆನ್ಷನ್ ಒತ್ತಿಕೊಂಡೇ ಇರುತ್ತದೆ, ನಾವು ನೋಡಬೇಕಾದ್ದು ಕಾಣಿಸುವುದೇ ಇಲ್ಲ. ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟು ಜಾಕಿ ಇಳಿಸಿ. ಗೇರ್ ನ್ಯೂಟ್ರಲ್, ಇಂಜಿನ್ ಬಂದ್, ಕೀ ಜೇಬಿನಲ್ಲಿ. ಗಾಲಿ ಜೋತುಬಿದ್ದಿರುವಾಗ ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ನೋಡೋಣ ಅನ್ನುವವರಿದ್ದಾರೆ. ಒಳಗಿನ ಜಾಯಿಂಟ್ ಹಿಡಿಯುತ್ತಿದ್ದರೆ ಅದು ಅಲ್ಲೇ ಒಡೆಯುತ್ತದೆ.

ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಸರಿ ಇದ್ದರೆ ರಾಗಿಕಲ್ಲಿನ ಹಾಗೆ ಒಂದೇ ಹದದಲ್ಲಿ ತಿರುಗುತ್ತದೆ. ಜಾಯಿಂಟ್ ತನ್ನ ಮಿತಿ ದಾಟಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗಗಳಲ್ಲಿ ಬಿಗಿಯಾಗಿ ಬಿಡುತ್ತದೆ, ಬಿಗಿಯಾಗಿ ಬಿಡುತ್ತದೆ. ಬ್ರೇಕ್ ಪ್ಯಾಡ್ ಉಜ್ಜಿದರೂ ಬಿಗಿ ಅನ್ನಿಸುತ್ತದೆ, ಆದರೆ ಅದು ಶೂಂ ಅಂತ ಒಂದೇ ಎಳೆತ. ಇದು ಅಂಗೈಗೆ ಗಂಟು ಗಂಟಾಗಿ ಬಡಿಯುತ್ತದೆ. ಒಂದು ಸಲ ಗೊತ್ತಾದರೆ ಮರೆಯುವುದಿಲ್ಲ.

ಇನ್ನೂ ಅನುಮಾನ ಇದ್ದರೆ ತಿರುಗಿಸುತ್ತಿರುವಾಗಲೇ ಒಬ್ಬರು ಆರ್ಮಿನ ಅಡಿಗೆ ಹಾರೆ ಕೊಟ್ಟು ಒಂದಿಂಚು ಮೇಲೆತ್ತಲಿ. ಗಂಟು ಮಾಯವಾದರೆ ತಪ್ಪು ಓರೆಯದು, ಜಾಯಿಂಟಿನದಲ್ಲ. ಎತ್ತಿದ ಮೇಲೂ ಉಳಿದರೆ ಜಾಯಿಂಟೇ ಸವೆದಿದೆ. ಈ ಒಂದಿಂಚಿನ ಹಾರೆ ಸಾವಿರಾರು ರೂಪಾಯಿಯ ಆಕ್ಸಲ್ ಉಳಿಸುತ್ತದೆ.

ಎಡಬಲ ಆರ್ಮುಗಳನ್ನು ಜೋಡಿಸುವ ಸ್ಟೆಬಿಲೈಸರ್ ಸರಳು ಇರುವ ಗಾಡಿಯಲ್ಲಿ ಒಂದೇ ಗಾಲಿ ಎತ್ತಿ ನೋಡಿದರೆ ಮೋಸ ಹೋಗುತ್ತೀರಿ. ನೆಲದ ಮೇಲಿರುವ ಆ ಕಡೆಯ ಗಾಲಿ ಸರಳಿನ ಮೂಲಕ ಈ ಕಡೆಯದನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ. ಎರಡೂ ಎತ್ತಿ, ಇಲ್ಲ ಸರಳಿನ ಕೊಂಡಿ ಬಿಚ್ಚಿ.

ಭಾವನ ಗಾಡಿಯ ಮುಂಭಾಗ ಎತ್ತಿದೆ. ಎರಡೂ ನುಣ್ಣಗೆ ತಿರುಗಿದವು, ಹೊಸ ಆಕ್ಸಲ್ ಬೇರೆ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದರೂ ಏನಿಲ್ಲ. ಬ್ರೇಕ್ ಹೋಸ್ ಕೂಡ ಇದೇ ಹೊತ್ತಿಗೆ ನೋಡಿಬಿಡಬೇಕು: ಗಾಲಿ ಜೋತುಬಿದ್ದು ಹ್ಯಾಂಡಲ್ ಕೊನೆಗೆ ತಿರುಗಿದಾಗ ಹೋಸ್ ತಂತಿಯ ಹಾಗೆ ಬಿಗಿಯಾದರೆ ಅದನ್ನು ಹಿಡಿದಿರುವ ಕ್ಲಿಪ್ಪು ಕೆಳಗಿಳಿಸಬೇಕು, ಆಗದಿದ್ದರೆ ಉದ್ದದ ಹೋಸ್ ಹಾಕಬೇಕು. ಇದರಲ್ಲಿ ರಾಜಿ ಇಲ್ಲ.

ಹಿಂಭಾಗ ಎತ್ತಿದೆ. ಬಲಗಡೆ ಗಾಲಿಯ ಒಳಜಾಯಿಂಟಿನ ಹತ್ತಿರ ಕೈ ಇಟ್ಟು ತಿರುಗಿಸಿದರೆ ಏನೂ ಇಲ್ಲ. ಎಡಗಡೆ ಗಾಲಿ ಕಾಲು ಸುತ್ತು ತಿರುಗಿತು, ಅಂಗೈಗೆ ಟಕ್ ಅಂತು. ಇನ್ನೊಂದು ಸುತ್ತು, ಅದೇ ಜಾಗದಲ್ಲಿ ಟಕ್. ಹಾರೆ ಕೊಟ್ಟು ಆರ್ಮ್ ಎತ್ತಿಸಿದೆ, ಮಾಯ.

"ಹಿಂದಗಡೆದಾ?" ಅಂದರು ಭಾವ. "ಎಡಕ್ಕೆ ತಿರುಗಿಸಿದಾಗ ತಾನೇ ಬರೋದು? ಹಿಂದಿನ ಗಾಲಿ ತಿರುಗಲ್ವಲ್ಲ!"

ಹಿಂದಿನ ಗಾಲಿ ಹ್ಯಾಂಡಲ್ ಜೊತೆ ತಿರುಗುವುದಿಲ್ಲ, ನಿಜ. ಆದರೆ ಎಡಕ್ಕೆ ತಿರುಗುತ್ತಾ ಬದು ಹತ್ತುವಾಗ ಗಾಡಿ ಬಲಕ್ಕೆ ವಾಲುತ್ತದೆ, ಹಿಂದಿನ ಎಡಗಾಲಿಯ ಮೇಲಿನ ಭಾರ ಇಳಿದು ಅದು ಜೋತುಬೀಳುತ್ತದೆ. ಈ ಗಾಡಿಯಲ್ಲಿ ಹಿಂದಿನ ಎರಡೂ ಗಾಲಿ ಒಟ್ಟಿಗೇ ಸುತ್ತುವುದರಿಂದ ಜೋತುಬಿದ್ದ ಗಾಲಿಗೂ ಎಳೆತ ಇದ್ದೇ ಇರುತ್ತದೆ. ಮಿತಿ ದಾಟಿ ಬಗ್ಗಿದ ಜಾಯಿಂಟಿಗೆ ಎಳೆತ ಸೇರಿದರೆ ಕಟ್ ಕಟ್ ಕಟ್. ಎಡ ತಿರುವಿಗೆ ಎಡಗಡೆಯದೇ, ಅದೂ ಹಿಂದಿನದು. ಕಾರಿನ ಬಾಯಿಪಾಠ ಇಲ್ಲಿ ಪೂರ್ತಿ ಮಗುಚಿಬಿದ್ದಿತ್ತು.

ಕಣದ ಮೇಲೆ ಅಳತೆ

ಸರಿ, ಎಡಗಡೆ ಸಿಕ್ಕಿತು. ಬಲಗಡೆ ಯಾಕಿಲ್ಲ? ಅದೇ ಕಿಟ್, ಅದೇ 2 ಇಂಚು, ಅದೇ ಆಕ್ಸಲ್. ಈ ಪ್ರಶ್ನೆ ಬಿಟ್ಟು ಎಡಗಡೆಯ ಆಕ್ಸಲ್ ಬದಲಿಸಿದ್ದರೆ ಮೂರನೆಯದೂ ದಂಡ.

ಮೊಬೈಲಿನಲ್ಲಿ ಓರೆ ಅಳೆಯುವ ಆಪ್ ಇರುತ್ತದಲ್ಲ, ಅದನ್ನು ಜೋತುಬಿದ್ದ ಆಕ್ಸಲ್ಲಿನ ಸರಳಿನ ಮೇಲೆ ಮಲಗಿಸಿದೆ. ಬಲಗಡೆ 20 ಡಿಗ್ರಿ, ಎಡಗಡೆ 24.

ಗಾಡಿಯನ್ನು ಇಳಿಸಿ ಅಡಿಕೆ ಒಣಗಿಸುವ ಸಿಮೆಂಟ್ ಕಣಕ್ಕೆ ತಂದೆವು. ತೋಟದಲ್ಲಿ ಅಷ್ಟು ಸಮತಟ್ಟಾದ ಜಾಗ ಇನ್ನೊಂದಿಲ್ಲ. ಸುತ್ತಮುತ್ತ ಎಷ್ಟು ಸಲ ಗಾಡಿ ನಿಲ್ಲಿಸಿ ನೋಡಿದ್ದೆನೋ, ಏರು ತಗ್ಗಿನ ನೆಲದಲ್ಲಿ ಗಾಡಿ ವಾಲಿದ್ದು ಕಣ್ಣಿಗೆ ಬೀಳುವುದಾದರೂ ಹೇಗೆ? ನಾಲ್ಕೂ ಟೈರಿಗೆ ಒಂದೇ ಗಾಳಿ, ಕ್ಯಾರಿಯರ್ ಖಾಲಿ. ಹತ್ತು ಅಡಿ ಮುಂದೆ ಹಿಂದೆ ಉರುಳಿಸಿ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಲು ಬಿಟ್ಟು, ಟೇಪಿನಲ್ಲಿ ಅಳೆದರೆ ಚಾಸಿಯ ಎಡಗಡೆ ಬಲಗಡೆಗಿಂತ 14 ಮಿ.ಮೀ. ಮೇಲಿತ್ತು. ಹಿಂದೆಯೂ ಅಷ್ಟೇ, ಮುಂದೆಯೂ ಹೆಚ್ಚುಕಡಿಮೆ ಅಷ್ಟೇ.

ಇಲ್ಲೊಂದು ತೊಡಕು. ಚಾಸಿ ಗಟ್ಟಿ ಚೌಕಟ್ಟು. ಯಾವುದೋ ಒಂದು ಮೂಲೆ ತಪ್ಪಾದರೂ ಇಡೀ ಗಾಡಿಯೇ ವಾಲುತ್ತದೆ, ಮುಂದೆ ಹಿಂದೆ ಒಂದೇ ಅಳತೆ ಬರುತ್ತದೆ. ಎತ್ತರ ಅಳೆದರೆ ಗಾಡಿ ವಾಲಿದೆ ಅಂತ ಗೊತ್ತಾಗುತ್ತದೆ, ಯಾವ ಮೂಲೆಯಿಂದ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಶಾಕಿನ ಉದ್ದ ಅಳೆಯಬೇಕು, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ. ಗಾಡಿ ಮೇಲಿರುವ ಕಡೆ ಶಾಕೂ ಉದ್ದವಾಗಿದ್ದರೆ ಅದು ವಾಲಿದ್ದರ ಫಲ, ಇಲ್ಲವೇ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಿಲೋಡ್ ಮೆಟ್ಟಿಲು ಎಡಬಲ ಬೇರೆ ಬೇರೆ ಇರಬೇಕು. ಗಾಡಿ ಮೇಲಿದ್ದೂ ಶಾಕ್ ಗಿಡ್ಡವಾಗಿದ್ದರೆ ಬ್ರಾಕೆಟ್ ನೋಡಿ. ಮುಂದೆ ಎಡಗಡೆ ಶಾಕ್ ಉದ್ದ ಇತ್ತು. ಹಿಂದೆ ಎಡಗಡೆ ಶಾಕ್ ಬಲಗಡೆಯದಕ್ಕಿಂತ 6 ಮಿ.ಮೀ. ಗಿಡ್ಡ.

ಹಿಂದಿನ ಬ್ರಾಕೆಟ್ಟಿನ ಮೇಲಿನ ಮಣ್ಣು ಕೆರೆದೆ. ಈ ಕಿಟ್ಟಿನ ಬ್ರಾಕೆಟ್ಟಿಗೆ ಎರಡು ತೂತು, ಒಂದು 1 ಇಂಚಿಗೆ, ಇನ್ನೊಂದು 2 ಇಂಚಿಗೆ. ಎಡಗಡೆ ಶಾಕ್ 2 ಇಂಚಿನ ತೂತಿನಲ್ಲಿ, ಬಲಗಡೆಯದು 1 ಇಂಚಿನ ತೂತಿನಲ್ಲಿ. ಮೊಬೈಲ್ ಟಾರ್ಚಿನ ಕೆಲಸ.

ತಪ್ಪಾಗಿ ಕೂರಿಸಿದ್ದು ಬಲಗಡೆ, ಅದು ತೆಪ್ಪಗಿತ್ತು. ಹೇಳಿದ ಹಾಗೆ ಕೂತ ಎಡಗಡೆಯೇ ಸದ್ದು ಮಾಡುತ್ತಿದ್ದದ್ದು. ಅಂದರೆ ಈ ಗಾಡಿಯ ಹಿಂಭಾಗಕ್ಕೆ, ಅದರ ಜೊತೆ ಬಂದ ಆಕ್ಸಲ್ಲುಗಳಿಗೆ, 2 ಇಂಚು ಹೆಚ್ಚಾಯಿತು. ಎರಡೂ ಕಡೆ ಸರಿಯಾಗಿ ಕೂರಿಸಿದ್ದರೆ ಎಡಕ್ಕೂ ಬಲಕ್ಕೂ ಕಟಕಟ ಬಂದು ಮೊದಲ ದಿನವೇ ಕಿಟ್ಟಿನ ಮೇಲೆ ಅನುಮಾನ ಬರುತ್ತಿತ್ತು. ನನ್ನ ತಪ್ಪು ಸದ್ದನ್ನು ಅರ್ಧ ಮುಚ್ಚಿ, ಎರಡು ಆಕ್ಸಲ್ ತಿಂದಿತು.

ಇದಕ್ಕೆ ಮೂರು ದಾರಿ. ಹೆಚ್ಚು ಓರೆ ತಡೆಯುವ ಬೇರೆ ಆಕ್ಸಲ್ ತರಿಸುವುದು, ಅದು ದುಬಾರಿ. ಚಾಸಿಯಿಂದ ಆರ್ಮಿಗೆ ನೈಲಾನ್ ಪಟ್ಟಿ ಕಟ್ಟಿ, ಜಾಯಿಂಟ್ ಹಿಡಿಯುವ ಮುಂಚೆಯೇ ಗಾಲಿ ಇಳಿಯುವುದನ್ನು ತಡೆಯುವುದು, ಓಟದ ಗಾಡಿಗಳಲ್ಲಿ ಮಾಡುತ್ತಾರೆ, ತೋಟದಲ್ಲಿ ಆ ಪಟ್ಟಿ ಸೋಗೆಗೆ ಸಿಕ್ಕಿ ಎಷ್ಟು ದಿನ ಬಾಳುತ್ತದೋ ನನಗೆ ನಂಬಿಕೆ ಇಲ್ಲ. ಮೂರನೆಯದು ಶಾಕನ್ನು 1 ಇಂಚಿನ ತೂತಿಗೆ ತರುವುದು. ಭಾವ ಒಪ್ಪಲು ಅರ್ಧ ಗಂಟೆ ಬೇಕಾಯಿತು. "ಎಲ್ಡಿಂಚಿಗೆ ದುಡ್ಡು ಕೊಟ್ಟೀನಿ, ಒಂದಿಂಚು ನುಂಗಾಕ್ತೀಯಾ?" ಕೊನೆಗೆ ನಾಲ್ಕೂ ಕಡೆ 1 ಇಂಚು ಮಾಡಿದೆ. ಹಿಂದೆ ಮಾತ್ರ ಇಳಿಸಿ ಮುಂದೆ ಹಾಗೇ ಬಿಟ್ಟರೆ ಏರಿನಲ್ಲಿ ಮೂತಿ ಎತ್ತಿಕೊಂಡೇ ಹೋಗುತ್ತದೆ, ಬೇಡ.

ಇನ್ನು ಬೇರೆ ಸದ್ದುಗಳು

ಹಳ್ಳ ದಿಣ್ಣೆಯಲ್ಲಿ ದಢ್ ಅಂತ ಒಂದೇ ಏಟು ಬಂದರೆ ಮೊದಲು ಬೋಲ್ಟು. ಬ್ರಾಕೆಟ್ಟಿನ ಬೋಲ್ಟ್ ಒಂದು ಸಲ ಸಡಿಲಾಗಿ ಓಡಿದರೆ ತೂತು ಮೊಟ್ಟೆಯ ಆಕಾರಕ್ಕೆ ಹಿಗ್ಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಅಷ್ಟೇ, ಬ್ರಾಕೆಟ್ಟೇ ಬದಲಿಸಬೇಕು. ಚಾಸಿಯ ಕಡೆಯ ತೂತು ಹಿಗ್ಗಿದ್ದರೆ ಇನ್ನೂ ಕಷ್ಟ. ಕಿಟ್ ಜೊತೆ ಬರುವ ಕೊಳವೆ ತುಂಡು ಬ್ರಾಕೆಟ್ಟಿನ ಎರಡು ಕೆನ್ನೆಗಳ ನಡುವೆ ಕೂರಲೇಬೇಕು. ಅದಿಲ್ಲದೆ ಬಿಗಿದರೆ ಕೆನ್ನೆಗಳು ಒಳಕ್ಕೆ ಬಗ್ಗುತ್ತವೆ, ಬಿಗಿ ನಿಲ್ಲುವುದಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇದೆಯಾ ನೋಡಿ, ಅದು ಗಟ್ಟಿತನದ ಗುರುತು. ಗೇಟು ಗ್ರಿಲ್ಲಿಗೆ ಹಾಕುವ 4.6 ಬೋಲ್ಟ್ ಇಲ್ಲಿ ಕಬ್ಬಿನ ಜಲ್ಲೆ ಇದ್ದ ಹಾಗೆ. ನಮ್ಮಲ್ಲಿ ಅಳತೆಗೆ ಸಿಗದಿದ್ದಾಗ ದಾವಣಗೆರೆಗೆ ಹೋಗಿ ತರುತ್ತೇನೆ, ಹೋದ ಮೇಲೆ ಬೆಣ್ಣೆದೋಸೆಯ ಖರ್ಚು ಬೇರೆ. 10 ಎಂಎಂನ 8.8 ಬೋಲ್ಟಿಗೆ ಸಾಮಾನ್ಯವಾಗಿ 45ರಿಂದ 50 ನ್ಯೂಟನ್ ಮೀಟರ್ ಬಿಗಿ, ಕಿಟ್ಟಿನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಒಳಗೆ ನೈಲಾನ್ ಉಂಗುರ ಇರುವ ನಟ್ಟನ್ನು ಬಿಚ್ಚಿದ ಮೇಲೆ ಮತ್ತೆ ಹಾಕಬೇಡಿ. ಬೆರಳಲ್ಲೇ ಕೊನೆ ತನಕ ತಿರುಗಿತು ಅಂದರೆ ಅದರ ಹಿಡಿತ ಮುಗಿದಿದೆ.

ಏಟು ಗಾಲಿ ಕೆಳಗೆ ಬೀಳುವಾಗ, ಅಂದರೆ ದಿಣ್ಣೆ ದಾಟಿದ ಮೇಲೆ ಬಂದರೆ ಬೋಲ್ಟ್ ಸರಿ ಇದ್ದರೂ ಇರಬಹುದು. ಶಾಕ್ ಪೂರ್ತಿ ಚಾಚಿ ತುದಿಗೆ ಬಡಿಯುವ ಸದ್ದು ಅದು. ಕಿಟ್ಟೂ ಹಾಕಿಸಿ, ಸ್ಪ್ರಿಂಗಿನ ಪ್ರಿಲೋಡ್ ಮೆಟ್ಟಿಲನ್ನೂ ಕೊನೆಗೆ ಏರಿಸಿದವರ ಗಾಡಿಯಲ್ಲಿ ಇದು ಗ್ಯಾರಂಟಿ. ಖಾಲಿ ಗಾಡಿ ಶಾಕನ್ನು ಒತ್ತುವುದೇ ಇಲ್ಲ, ಇಳಿಯುವುದಕ್ಕೆ ಜಾಗ ಉಳಿದಿರುವುದಿಲ್ಲ. ಎರಡು ಮೆಟ್ಟಿಲು ಇಳಿಸಿ ನೋಡಿ.

ಗಾಲಿ ಅಲ್ಲಾಡುತ್ತದೆ ಅಂತ ಅನುಮಾನ ಇದ್ದರೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಟ ಇದ್ದರೆ ಒಬ್ಬರಿಗೆ ಬ್ರೇಕ್ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಆರ್ಮಿನ ಬುಷ್. ಅಡ್ಡಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಟೈ ರಾಡಿನ ತುದಿ.

ಹ್ಯಾಂಡಲ್ ನೆಟ್ಟಗೆ ನಿಲ್ಲದಿದ್ದರೆ

ಮುಂದಿನ ಆರ್ಮ್ ಇಳಿದಾಗ ಟೈ ರಾಡ್ ಬೇರೆ ಕಮಾನಿನಲ್ಲಿ ಇಳಿಯುತ್ತದೆ, ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಆದ್ದರಿಂದ ಕಿಟ್ ಹಾಕಿದ ಮೇಲೆ, ಎತ್ತರ ಬದಲಿಸಿದ ಪ್ರತಿ ಸಲವೂ, ಇದನ್ನು ಅಳೆಯಬೇಕು. ಎಟಿವಿಯನ್ನು ಕಾರಿನ ಅಲೈನ್‌ಮೆಂಟ್ ಅಂಗಡಿಗೆ ಒಯ್ಯುವುದು ಬೇಕಿಲ್ಲ. ಹ್ಯಾಂಡಲ್ ನೆಟ್ಟಗಿಟ್ಟು ಕಟ್ಟಿ. ಮುಂದಿನ ಎರಡು ಟೈರಿನ ನಡುಗೆರೆಯಲ್ಲಿ, ಆಕ್ಸಲ್ಲಿನ ಎತ್ತರಕ್ಕೆ, ಮುಂಭಾಗದಲ್ಲಿ ಒಂದೊಂದು ಸೀಮೆಸುಣ್ಣದ ಗುರುತು ಹಾಕಿ, ಗುರುತಿನಿಂದ ಗುರುತಿಗೆ ಅಳೆಯಿರಿ. ಆಮೇಲೆ ಗಾಡಿಯನ್ನು ಮುಂದಕ್ಕೆ ಉರುಳಿಸಿ ಅದೇ ಗುರುತು ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತನ್ನು ಅಳೆಯುವುದರಿಂದ ಟೈರ್ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ನಮ್ಮ ಗಾಡಿಯ ಪುಸ್ತಕದ ಪ್ರಕಾರ ಮುಂಭಾಗ 3ರಿಂದ 6 ಮಿ.ಮೀ. ಅಗಲವಿರಬೇಕು. 2 ಇಂಚಿನಲ್ಲಿದ್ದಾಗ ಅದು 15 ಇತ್ತು, ನಾನು ಕೂರಿಸಿದ ದಿನ ಅಳೆದಿರಲಿಲ್ಲ. ಭಾವ "ಸ್ವಲ್ಪ ಒಡ್ಡೊಡ್ಡಾಗಿ ಹೋಗ್ತೈತೆ" ಅಂದದ್ದನ್ನು ಹೊಸ ಎತ್ತರ, ಅಭ್ಯಾಸ ಆಗುತ್ತದೆ ಅಂತ ತಳ್ಳಿಹಾಕಿದ್ದೆ. ಸರಿಪಡಿಸುವಾಗ ಎರಡೂ ಟೈ ರಾಡನ್ನು ಸಮನಾಗಿ ತಿರುಗಿಸಿ, ಒಂದನ್ನೇ ತಿರುಗಿಸಿದರೆ ಹ್ಯಾಂಡಲ್ ಸೊಟ್ಟ ನಿಲ್ಲುತ್ತದೆ. ಲಾಕ್ ನಟ್ ಬಿಗಿಯುವುದನ್ನು ಮರೆತು ಗಾಡಿ ಓಡಿಸಿದವರನ್ನೂ ಕಂಡಿದ್ದೇನೆ.

ಬೆಲ್ಟ್ ಸುಟ್ಟ ವಾಸನೆ ಕಿಟ್ಟಿನ ದೋಷವಲ್ಲ, ಕಿಟ್ಟಿನ ಜೊತೆ ಹಾಕಿಸಿದ ದೊಡ್ಡ ಟೈರಿನದು. 25 ಇಂಚಿನ ಜಾಗಕ್ಕೆ 27 ಹಾಕಿದರೆ ಗೇರು 8 ಪರ್ಸೆಂಟ್ ಎತ್ತರವಾದಂತೆ, ಬೆಲ್ಟಿಗೆ ಅಷ್ಟು ಭಾರ ಹೆಚ್ಚು. ಕೆಸರಿಗೂ ಭಾರಕ್ಕೂ ಲೋ ಗೇರ್ ಹಾಕಿ, ಹೈನಲ್ಲಿ ಹಿಂಡಬೇಡಿ.

ದೋಷವಲ್ಲದ್ದೊಂದಿದೆ, ಅದನ್ನು ರಿಪೇರಿ ಮಾಡಲಾಗದು. ಗಾಲಿಗಳ ನಡುವಿನ ಅಗಲ 1000 ಮಿ.ಮೀ., ಭಾರದ ನಡುಬಿಂದು ನೆಲದಿಂದ 600 ಮಿ.ಮೀ. ಇದ್ದರೆ ಲೆಕ್ಕದ ಪ್ರಕಾರ ಗಾಡಿ ಅಡ್ಡಕ್ಕೆ ಸುಮಾರು 40 ಡಿಗ್ರಿ ವಾಲಿದಾಗ ಮಗುಚುತ್ತದೆ. ಎತ್ತರ 50 ಹೆಚ್ಚಿದರೆ ಸುಮಾರು 38. ನಿಂತ ಗಾಡಿಯ ಲೆಕ್ಕ ಇದು. ಮೇಲೆ ಕೂತವನ ಭಾರ, ಕ್ಯಾರಿಯರಿನ ಮೇಲಿನ ಗೊನೆ, ವೇಗ ಸೇರಿದರೆ ಇನ್ನೂ ಬೇಗ. ಗುಡ್ಡದ ಅಡ್ಡಕ್ಕೆ ಓಡಿಸುವ ಅಭ್ಯಾಸ ಇರುವವರು ಕಿಟ್ ಹಾಕಿಸುವ ಮುಂಚೆ ಇದನ್ನು ಯೋಚಿಸಲಿ. ಭಾವನ ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದಿಲ್ಲ. ನೋಂದಣಿ ಇರುವ ಜೀಪಿಗೆ ಇದೇ ಕೆಲಸ ಮಾಡಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೆನಪಿರಲಿ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಅದು ತಡೆಯುತ್ತದೆ.

1 ಇಂಚಿಗೆ ಇಳಿಸಿದ ಮೇಲೆ ಮತ್ತೆ ಹಿಂಭಾಗ ಎತ್ತಿ ಎರಡೂ ಗಾಲಿ ತಿರುಗಿಸಿದೆ. ಎರಡೂ ಕಡೆ 20 ಡಿಗ್ರಿ, ಅಂಗೈಗೆ ಏನೂ ಇಲ್ಲ. ಕಣದಲ್ಲಿ ಎಡಬಲ ವ್ಯತ್ಯಾಸ 2 ಮಿ.ಮೀ. ಎಡಕ್ಕೆ ತಿರುಗಿಸಿ ಅದೇ ಬದು ಆರು ಸಲ ಹತ್ತಿಸಿದೆವು, ಸದ್ದಿಲ್ಲ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಭಾವನೇ ನೋಡಿಕೊಳ್ಳಬಹುದು. ಮೊದಲ ವಾರ ದಿನಾ, ಆಮೇಲೆ ತಿಂಗಳಿಗೊಮ್ಮೆ. ಬ್ರಾಕೆಟ್ಟಿನ ಮೇಲೂ ಅದೇ ಪೇಂಟಿನಲ್ಲಿ ನಾಲ್ಕೂ ಕಡೆ ದೊಡ್ಡದಾಗಿ 1 ಅಂತ ಬರೆದಿದೆ. ಮುಂದಿನಿಂದ ತೆಗೆದ ಎರಡು ಆಕ್ಸಲ್ ತರಿಸಿ ಕೈಯಲ್ಲಿ ಬಗ್ಗಿಸಿ ತಿರುಗಿಸಿ ನೋಡಿದೆ, ಎರಡೂ ಚೆನ್ನಾಗೇ ಇವೆ. ಗ್ರೀಸ್ ಪೇಪರಿನಲ್ಲಿ ಸುತ್ತಿ, ಅಡಿಕೆ ಚೀಲದಲ್ಲಿ ಕಟ್ಟಿ, ತೋಟದ ಮನೆಯ ಅಟ್ಟದ ಮೇಲೆ ಇಟ್ಟಿದ್ದೇವೆ.